ಮಣ್ಣು ಕೊಡುವವರ ನಡುವೆ ಒಬ್ಬ ಸರ್ವೆಯರ್

ಮೊನ್ನೆ ನನ್ನ ಹೆಂಡತಿ ಪುತ್ತೂರು ಪೇಟೆಯ ದರ್ಬೆಯ ಅಂಗಡಿಗೆ ಹೋದವಳು ಬರುವಾಗ ಯಾರದೋ ಬೇಲಿಯಿಂದ ಒಂದು ಮದರಂಗಿ ಗೆಲ್ಲು ಮುರಿದು ತಂದು ನಮ್ಮ ನೀರಿನ ನಳ್ಳಿಯ ಪಕ್ಕದಲ್ಲಿ ಊರಿದಳು. ಮೊಮ್ಮಗಳ ಕೈಗೆ ಹಚ್ಚಲು ಪೇಟೆಯ ಕೋನು ಬೇಡ, ಮನೆಯದೇ ಸೊಪ್ಪು ಆಗಬೇಕಂತೆ. ನಾನು ಪೇಪರಿನಿಂದ ತಲೆಯೆತ್ತಿ, ಈ ಗಿಡವನ್ನು ನಾನು ಅತಿ ಹೆಚ್ಚು ನೋಡಿದ್ದು ಎಲ್ಲಿ ಗೊತ್ತುಂಟಾ ಎಂದು ಸುರುಮಾಡಿದೆ. ಅವಳು ಕೆಸರಿನ ಕೈಯನ್ನೇ ಅಡ್ಡ ಹಿಡಿದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ನನ್ನ ಮಾತು ಯಾವ ಕಡೆಗೆ ಹೊರಳುತ್ತದೆಂದು ಚೆನ್ನಾಗಿ ಗೊತ್ತು. ನಿಮ್ಮ ಗೋರಿ ಪುರಾಣ ಈಗ ಬೇಡ, ಗಿಡ ಚಿಗುರುವ ತನಕವಾದರೂ ಬಾಯಿ ಮುಚ್ಚಿ ಕೂತುಕೊಳ್ಳಿ ಎಂದಳು. ನಾನು ಪೇಪರಿನೊಳಗೆ ವಾಪಸು ಹೋದೆ.

ಓದುತ್ತಿರುವ ನಿಮಗೆ ಕೈ ಅಡ್ಡ ಹಿಡಿಯುವ ಸೌಕರ್ಯವಿಲ್ಲ. ಹಾಗಾಗಿ ನಿಮ್ಮ ಹತ್ತಿರವೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿಗಳ ಪಳ್ಳಿಯ, ಎಂದರೆ ಮಸೀದಿಯ, ಹಿಂದಿನ ಗೋರಿಗಳಲ್ಲಿ, ತಲೆಯ ಕಡೆ ನಿಲ್ಲಿಸಿದ ಕಲ್ಲಿನ ಬದಿಗೆ, ಅನೇಕ ಕಡೆ ಒಂದು ಮದರಂಗಿ ಗಿಡ ಇರುತ್ತದೆ. ಮದುಮಗಳ ಕೈಗೆ ಹಚ್ಚುವ ಸೊಪ್ಪಿಗೆ ಅಲ್ಲಿ ಏನು ಕೆಲಸ? ಮಲ್ಲಿಗೆ ನೆಡಬಹುದಿತ್ತು, ತುಂಬೆ ನೆಡಬಹುದಿತ್ತು, ಏನೂ ನೆಡದೆಯೂ ಇರಬಹುದಿತ್ತು. ಮದರಂಗಿಯೇ ಯಾಕೆ?

ಈ ‘ಯಾಕೆ’ ಎನ್ನುವುದು ನನಗೆ ಹುಟ್ಟುವಾಗಲೇ ಬಂದ ಕಾಯಿಲೆ. ಸಕ್ಕರೆ, ಬಿಪಿ ಎಲ್ಲ ಆಮೇಲೆ ಸೇರಿಕೊಂಡವು. ಮದುವೆ ಮನೆಯಲ್ಲಿ ಯಾಕೆ ಎಂದು ಕೇಳಿದರೆ ಪುರೋಹಿತರು ಖುಷಿಯಿಂದ ಅರ್ಧ ಗಂಟೆ ವಿವರಿಸುತ್ತಾರೆ. ಸಾವಿನ ಮನೆಯಲ್ಲಿ ಕೇಳಿದರೆ ಹತ್ತಿರ ನಿಂತವರು ಚಿವುಟುತ್ತಾರೆ. ನನ್ನ ಅಜ್ಜಿ ತೀರಿಕೊಂಡ ದಿನ ಬಾಯಿಗೆ ಅಕ್ಕಿ ಯಾಕೆ, ಅಜ್ಜಿ ಗಂಜಿಯಲ್ಲವೇ ಉಣ್ಣುವುದು ಎಂದು ನಾನು ಗಟ್ಟಿಯಾಗಿ ಕೇಳಿದ್ದೆನಂತೆ. ಅಮ್ಮ ಅಳುತ್ತಲೇ ನನ್ನ ಎಡತೋಳನ್ನು ಚಿವುಟಿದ್ದು ನೆನಪಿದೆ, ಉತ್ತರ ಸಿಕ್ಕಿದ ನೆನಪಿಲ್ಲ.

ನಾನು ಕಲಿತ ಶಾಲೆಯ ಹಿಂದೆ ಕ್ರೈಸ್ತರು ಸತ್ತವರನ್ನು ಹೂಳುವ ಒಂದು ಸಣ್ಣ ಸಿಮಿತ್ರಿ ಇತ್ತು. ಅದರ ಆವರಣದಲ್ಲಿ ಎರಡು ಗೋಸಂಪಿಗೆ ಮರ. ಬಿಳಿ ಹೂವು, ನಡುವೆ ಹಳದಿ, ನೆಲ ಕಾಣದ ಹಾಗೆ ಉದುರಿರುತ್ತಿತ್ತು. ಒಂದು ದಿನ ನಾನು ಅಂಗಿಯ ತುದಿಯಲ್ಲಿ ತುಂಬಿಸಿಕೊಂಡು ಮನೆಗೆ ತಂದೆ. ಅಮ್ಮ ಸಂತೋಷಪಟ್ಟು ದೇವರ ಪಟಕ್ಕೆ ಇಡಲು ಹೊರಟವರು, ಎಲ್ಲಿಂದ ತಂದೆ ಮಗಾ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಹೂವು ಗೊಬ್ಬರದ ಗುಂಡಿಗೆ ಹೋಯಿತು, ನಾನು ಬಾವಿಕಟ್ಟೆಗೆ ಹೋದೆ, ತಲೆಯ ಮೇಲೆ ಆರು ಕೊಡ ನೀರು ಬಿತ್ತು. ದೇವಸ್ಥಾನದ ಅಂಗಳದಲ್ಲಿಯೂ ಇದೇ ಮರ ಇದೆಯಲ್ಲ, ಆ ಹೂವು ಆಗುತ್ತದೆ, ಇದು ಯಾಕೆ ಆಗುವುದಿಲ್ಲ ಎಂದು ನಡುಗುತ್ತಲೇ ಕೇಳಿದೆ. ಏಳನೆಯ ಕೊಡವೂ ಬಿತ್ತು.

ಎಷ್ಟೋ ವರ್ಷದ ಮೇಲೆ ಇನ್ನೊಂದು ಸಿಮಿತ್ರಿಯಲ್ಲಿ ಹುಲ್ಲು ಕೀಳುತ್ತಿದ್ದ ಮುದುಕರೊಬ್ಬರು, ಆ ಮರವನ್ನೇ ಯಾಕೆ ನೆಡುವುದೆಂದು ಸಲೀಸಾಗಿ ಹೇಳಿಬಿಟ್ಟರು. ಗೆಲ್ಲು ಮುರಿದು ಊರಿದರೆ ಸಾಕು, ನೀರು ಹೊಯ್ಯುವವರು ಬೇಡ. ಮುರಿದಲ್ಲಿ ಹಾಲು ಬರುವ ಕಾರಣ ದನ ಬಾಯಿ ಹಾಕುವುದಿಲ್ಲ. ಸತ್ತವರ ಜಾಗಕ್ಕೆ ದಿನಾ ಬಂದು ನೋಡುವವರು ಯಾರಿದ್ದಾರೆ, ತನ್ನಷ್ಟಕ್ಕೇ ಬದುಕುವ ಮರವೇ ಆಗಬೇಕಲ್ಲ ಎಂದರು. ಇಷ್ಟು ಸುಲಭದ ಉತ್ತರಕ್ಕೆ ನಾನು ಏಳು ಕೊಡ ನೀರು ಹೊಯ್ಯಿಸಿಕೊಂಡಿದ್ದೆ.

ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸವೂ ಈ ಕಾಯಿಲೆಗೆ ಗೊಬ್ಬರ ಹಾಕುವಂಥದ್ದೇ. ಎಪ್ಪತ್ತರ ದಶಕದಲ್ಲಿ ನಾನು ಸರ್ವೆ ಇಲಾಖೆಗೆ ಸೇರಿದೆ. ಆಗ ಕಡಬ ಪುತ್ತೂರು ತಾಲೂಕಿನೊಳಗೇ ಇತ್ತು. ಪುತ್ತೂರು, ಸುಳ್ಯ, ಕಡಬ ಎಂದು ವರ್ಷವಿಡೀ ಬೇರೆಯವರ ಜಾಗದಲ್ಲಿ ಚೈನು ಎಳೆಯುತ್ತ ತಿರುಗುವುದು. ಎಲ್ಲಿ ಹೋದರೂ ನಕ್ಷೆಯಲ್ಲಿ ಸತ್ತವರಿಗೂ ಒಂದು ತುಂಡು ಜಾಗ ಇದ್ದೇ ಇರುತ್ತಿತ್ತು. ಪಳ್ಳಿಯ ಗೋರಿಗಳು, ಇಗರ್ಜಿಯ ಸಿಮಿತ್ರಿ, ಸರಕಾರಿ ಸ್ಮಶಾನ, ತುಳುವರ ಮನೆಗಳಾದರೆ ಅವರದೇ ಜಾಗದ ಮೂಲೆಯಲ್ಲಿ ಹೆಣ ಸುಡುವ ಕಾಟ. ಅದಕ್ಕೆ ಬೇಕಾದ ಗುರುತು ಹಾಕಿ ಮುಂದೆ ಹೋಗುವುದು ಇಲಾಖೆಯ ಕ್ರಮ. ಗುರುತು ಹಾಕಿ, ಕೊಡೆ ಊರಿ, ಯಾಕೆ ಎಂದು ಕೇಳುತ್ತ ನಿಲ್ಲುವುದು ನನ್ನ ಕ್ರಮ.

ನನ್ನ ಜೊತೆ ಚೈನು ಹಿಡಿಯುತ್ತಿದ್ದವರು ಹಸನಾಕ. ಸುಳ್ಯದ ಆಚೆಯ ಬ್ಯಾರಿ, ನನಗಿಂತ ಹದಿನೈದು ವರ್ಷ ಹಿರಿಯರು. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಆದರೆ ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು ಇರುತ್ತಿತ್ತು. ನಾನು ನನ್ನದನ್ನು ದಿನಕ್ಕೊಮ್ಮೆ ಕಳೆದುಕೊಳ್ಳುತ್ತೇನೆಂದು ಇಟ್ಟುಕೊಂಡದ್ದು. ಮದರಂಗಿಯ ಪ್ರಶ್ನೆಯನ್ನು ಮೊದಲು ಕೇಳಿದ್ದು ಅವರಲ್ಲೇ. ಗಿಡ ಹಸುರಾಗಿರುವಷ್ಟು ದಿನ ಅದು ದೇವರ ಹೆಸರು ಹೇಳುತ್ತಿರುತ್ತದೆ, ಅದರ ಪುಣ್ಯ ಕೆಳಗೆ ಮಲಗಿದವರಿಗೆ ಎಂದರು. ನನಗೆ ಬಹಳ ಇಷ್ಟವಾದ ಉತ್ತರ ಅದು. ಒಂದು ವಾರ ಅದನ್ನೇ ಊರೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಅವರ ಮನೆಗೆ ಊಟಕ್ಕೆ ಹೋದಾಗ ಅವರ ಹೆಂಡತಿ ಬಾಗಿಲಿನ ಆಚೆಯಿಂದಲೇ ಬೇರೆ ಕಾರಣ ಕೊಟ್ಟರು. ನಮ್ಮ ಮಳೆಗೆ ಗೋರಿಯ ಮಣ್ಣು ಒಂದು ವರ್ಷವೂ ನಿಲ್ಲುವುದಿಲ್ಲ, ಬೇರು ಹಿಡಿದುಕೊಳ್ಳುತ್ತದೆ. ಅಲ್ಲದೆ ನಾಲ್ಕು ವರ್ಷದ ಮೇಲೆ ಬಂದವರಿಗೆ ಹೆತ್ತ ಉಮ್ಮ ಎಲ್ಲಿ, ಉಪ್ಪ ಎಲ್ಲಿ ಎಂದು ಗೊತ್ತಾಗಬೇಡವೇ? ಹಸನಾಕ ಪತ್ತಿರಿ ರೊಟ್ಟಿ ಮುರಿಯುತ್ತ, ಅವಳು ಹೇಳುವುದೂ ಹೌದು ಎಂದು ತಲೆಯಾಡಿಸಿದರು.

ದಿಕ್ಕಿನ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ನನ್ನ ಚೀಲದಲ್ಲಿ ದಿಕ್ಸೂಚಿ ಇರುತ್ತಿತ್ತು. ಬ್ಯಾರಿಗಳ ಗೋರಿಗಳೆಲ್ಲ ತೆಂಕು ಬಡಗು. ತಲೆ ಬಡಗು ದಿಕ್ಕಿಗೆ ಇಟ್ಟು ಬಲಮಗ್ಗುಲಿಗೆ ಮಲಗಿಸಿದರೆ ಮುಖ ಪಶ್ಚಿಮಕ್ಕೆ, ಮಕ್ಕಾದ ಕಡೆಗೆ ಬರುತ್ತದೆ. ನಮ್ಮ ಮನೆಯಲ್ಲಿ ಬಡಗು ದಿಕ್ಕಿಗೆ ತಲೆ ಹಾಕಿ ಮಲಗಿದರೆ ಎಬ್ಬಿಸಿ ತಿರುಗಿಸುತ್ತಿದ್ದರು, ಅದು ಹೆಣ ಮಲಗುವ ದಿಕ್ಕು ಎಂದು. ಇಬ್ಬರಿಗೂ ಬಡಗು ಸತ್ತವರ ದಿಕ್ಕೇ ಆಯಿತಲ್ಲ ಎಂದು ನನಗೆ ಹೊಳೆದ ದಿನ ನಾನು ಏನೋ ದೊಡ್ಡದನ್ನು ಕಂಡುಹಿಡಿದವನ ಹಾಗೆ ಹಸನಾಕನನ್ನು ನೋಡಿದೆ. ಅವರು ಚೈನು ಸುತ್ತುತ್ತ, ತಮ್ಮ ಮನೆಯಲ್ಲಿ ಎಲ್ಲರೂ ಫ್ಯಾನು ಇರುವ ಕಡೆಗೆ ತಲೆ ಹಾಕಿ ಮಲಗುತ್ತಾರೆ ಎಂದರು. ಇಷ್ಟೆಲ್ಲ ಕೇಳುವ ನಾನು ಮಾತ್ರ ಯಾರ ಮನೆಯಲ್ಲಿ ತಂಗಿದರೂ ಮಲಗುವ ಮೊದಲು ಚಾಪೆಯ ಪಕ್ಕ ದಿಕ್ಸೂಚಿ ಇಟ್ಟು ನೋಡುತ್ತಿದ್ದೆ. ಆ ಅಭ್ಯಾಸ ಈಗಲೂ ಹೋಗಿಲ್ಲ, ಮಗನ ಮನೆಯಲ್ಲಿ ಸೊಸೆಗೆ ಗೊತ್ತಾಗದ ಹಾಗೆ ನೋಡುತ್ತೇನೆ.

ಇಚಿಲಂಪಾಡಿಯ ಕಡೆ ವರ್ಕಿಚೇಟ ಎಂಬ ಬಡಗಿ ಇದ್ದರು. ಕೇರಳದಿಂದ ಬಂದು ಕಾಡು ಕಡಿದು ನೆಲೆಯಾದ ಕ್ರೈಸ್ತರು. ಮಂಚ, ಬಾಗಿಲು ಮಾಡುತ್ತಿದ್ದ ಕೈಯಿಂದಲೇ ಊರವರ ಶವದ ಪೆಟ್ಟಿಗೆಯನ್ನೂ ಮಾಡುತ್ತಿದ್ದರು. ಅವರ ಸಿಮಿತ್ರಿಯಲ್ಲಿ ಕಾಲು ಪೂರ್ವಕ್ಕೆ. ಕೊನೆಯ ದಿನ ಎಲ್ಲರೂ ಏಳುವಾಗ ಕರ್ತನು ಪೂರ್ವದಿಂದ ಬರುತ್ತಾನೆ, ಎದ್ದು ಕೂತ ಕೂಡಲೇ ಮುಖ ಆ ಕಡೆಗೆ ಇರಬೇಕು ಎಂದರು. ನಾನು ಸುಮ್ಮನಿರಬೇಕಿತ್ತು. ದಿಕ್ಸೂಚಿ ತೆಗೆದು ಅಳೆದೆ. ಗುಡ್ಡೆಯ ಇಳಿಜಾರು ನೋಡಿ ಗುಂಡಿ ತೋಡಿದ ಕಾರಣ ಸಾಲೆಲ್ಲ ಪೂರ್ವದಿಂದ ಸುಮಾರು ಹದಿನೈದು ಡಿಗ್ರಿ ತಪ್ಪಿತ್ತು. ಅದನ್ನು ಅವರಿಗೆ ಹೇಳಿಯೂ ಹೇಳಿದೆ. ವರ್ಕಿಚೇಟ ನನ್ನ ದಿಕ್ಸೂಚಿಯೊಳಗೆ ಒಮ್ಮೆ ಇಣುಕಿದರು.

“ಅಷ್ಟು ವರ್ಷ ಮಲಗಿ ಎದ್ದವರಿಗೆ ಸ್ವಲ್ಪ ತಿರುಗಿ ಕೂರ್ಲಿಕ್ಕೆ ಎಂತ ಕಷ್ಟ ಸಾರೇ?” ಎಂದರು.

ಅವರದೇ ಊರಿನ ಒಂದು ಶವಸಂಸ್ಕಾರಕ್ಕೆ ನಾನು ಮರ್ಯಾದೆಗೆಂದು ಹೋಗಿದ್ದೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ನಾನೂ ಬಗ್ಗಿ ಒಂದು ಹಿಡಿ ತೆಗೆದುಕೊಂಡೆ. ಅದರೊಳಗೆ ಲಿಂಬೆ ಗಾತ್ರದ ಒಂದು ಮುರಕಲ್ಲು ಇದ್ದದ್ದು ನನಗೆ ಗೊತ್ತಾಗಲಿಲ್ಲ. ಪೆಟ್ಟಿಗೆಯ ಮೇಲೆ ಬಿದ್ದು ಒಳಗಿನವರು ಬಾಗಿಲು ತಟ್ಟಿದಂಥ ಸದ್ದಾಯಿತು. ಪ್ರಾರ್ಥನೆ ಒಂದು ಕ್ಷಣ ನಿಂತಿತು. ಆಮೇಲೆ ವರ್ಕಿಚೇಟ ನನ್ನನ್ನು ಬದಿಗೆ ಕರೆದು, ಮಣ್ಣನ್ನು ಎಸೆಯಬಾರದು, ಬಿಡಬೇಕು ಎಂದು ಕಲಿಸಿಕೊಟ್ಟರು. ಹಸನಾಕನವರಲ್ಲಿ ಮೂರು ಹಿಡಿ, ಪ್ರತಿ ಹಿಡಿಗೂ ಒಂದು ಮಾತು: ಇದರಿಂದಲೇ ನಿಮ್ಮನ್ನು ಮಾಡಿದ್ದು, ಇದಕ್ಕೇ ಮರಳಿಸುವುದು, ಇದರಿಂದಲೇ ಮತ್ತೆ ಎಬ್ಬಿಸುವುದು. ಮಣ್ಣು ಹಾಕುವುದು ಎಂದೂ ಅವರು ಹೇಳುವುದಿಲ್ಲ, ಮಣ್ಣು ಕೊಡುವುದು ಎನ್ನುತ್ತಾರೆ. ಆ ಮಾತು ನನ್ನ ನಾಲಗೆಯಲ್ಲಿಯೂ ಹಾಗೆಯೇ ನಿಂತುಬಿಟ್ಟಿದೆ.

ಸಂಪಾಜೆಯ ಘಾಟಿ ಸುರುವಾಗುವಲ್ಲಿ ಒಮ್ಮೆ ಲಾರಿಯಲ್ಲಿ ಹೋಗುತ್ತಿದ್ದಾಗ ಡ್ರೈವರು ಒಂದು ತಿರುವಿನಲ್ಲಿ ಗಾಡಿ ನಿಧಾನ ಮಾಡಿ, ಕ್ಲೀನರನ ಕೈಯಿಂದ ಒಂದು ಸೊಪ್ಪಿನ ಗೆಲ್ಲು ರಸ್ತೆ ಬದಿಗೆ ಹಾಕಿಸಿದರು. ಅಲ್ಲಿ ಮೊದಲೇ ಒಣಗಿದ ಸೊಪ್ಪಿನ ಒಂದು ಗುಪ್ಪೆ ಇತ್ತು. ಕೆಳಗೆ ಯಾರನ್ನು ಹೂಳಿದ್ದು ಎಂದು ಕೇಳಿದೆ. ಗೊತ್ತಿಲ್ಲ, ಮೊದಲಿನವರು ಹಾಕುತ್ತಿದ್ದರು ಎಂದರು. ಹಾಕದಿದ್ದರೆ ಎಂತ ಆಗುತ್ತದೆ ಎಂದು ಕೇಳಿದೆ. ಹಾಕದೆ ಹೋಗಿ ನೋಡಲಿಲ್ಲ, ನೋಡುವ ಆಸೆಯೂ ಇಲ್ಲ ಎಂದು ಗೇರು ಬದಲಿಸಿದರು.

ಇಷ್ಟು ದೂರ ಬಂದಿರುವಿರಿ. ಹೀಗೆ ಕಾರಣ ಕೇಳುತ್ತ ತಿರುಗುವುದರಲ್ಲಿ ನನಗೆ ಒಂದು ಬಗೆಯ ಗರ್ವವೂ ಬಂದಿತ್ತು. ಪುತ್ತೂರಿನ ಕಚೇರಿಯಲ್ಲಿ ಚಾ ಕುಡಿಯುವಾಗ ಯಾವ ಜಾತಿಯವರು ಹೇಗೆ ಹೂಳುತ್ತಾರೆ, ಯಾಕೆ ಹೂಳುತ್ತಾರೆ ಎಂದು ನಾನು ಮಾತಾಡತೊಡಗಿದರೆ ಗುಮಾಸ್ತರು ಬಿಸ್ಕತ್ತು ಬಿಟ್ಟು ಎದ್ದುಹೋಗುತ್ತಿದ್ದರು. ಆ ಗರ್ವ ಇಳಿದದ್ದು ಸೇಸಕ್ಕನ ಮನೆಯಲ್ಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಡಬದಿಂದ ಎರಡು ಮೈಲಿ ಒಳಗಿನ ಒಂದು ಮನೆಗೆ ಪೋಡಿ ಕೆಲಸಕ್ಕೆ ಹೋಗಿದ್ದೆವು. ಪೋಡಿ ಎಂದರೆ ಪಾಲಾದ ಜಾಗವನ್ನು ಅಳೆದು, ಕಲ್ಲು ಹಾಕಿ, ಬೇರೆ ನಂಬ್ರ ಮಾಡಿಕೊಡುವುದು. ಮನೆಯ ಯಜಮಾನ ದೇರಣ್ಣ, ಎಪ್ಪತ್ತರ ಹತ್ತಿರದವರು. ಅವರ ತಂಗಿ ಸೇಸಕ್ಕ, ಅರುವತ್ತು ದಾಟಿದವರು, ಗಂಡ ತೀರಿಹೋದ ಮೇಲೆ ಹುಟ್ಟಿದ ಮನೆಗೇ ಬಂದು ಅಣ್ಣನ ಜೊತೆ ಇದ್ದರು. ತಾನು ಗಟ್ಟಿ ಇರುವಾಗಲೇ ತಂಗಿಯ ಪಾಲನ್ನು ಬೇರೆ ಮಾಡಿ ಅವಳ ಹೆಸರಿಗೆ ಬರೆಸಬೇಕೆಂದು ದೇರಣ್ಣನ ಮನಸ್ಸು. ಒಂದು ಹಲಸಿನ ಮರಕ್ಕಾಗಿ ಅಣ್ಣತಮ್ಮಂದಿರು ನನ್ನ ಚೈನನ್ನೇ ಹಿಡಿದೆಳೆದು ಜಗಳಾಡಿದ್ದನ್ನು ನೋಡಿದ್ದ ನನಗೆ, ಇನ್ನಷ್ಟು ತೆಗೆದುಕೋ ಎನ್ನುವ ಅಣ್ಣನನ್ನು ಕಂಡು ಆಶ್ಚರ್ಯವೇ ಆಯಿತು. ಒಂದು ದಿನದಲ್ಲಿ ಮುಗಿಯಬೇಕಾದ ಕೆಲಸ ನಾಲ್ಕು ದಿನ ಹಿಡಿಯಿತು. ನಾವು ಅಲ್ಲೇ ಉಂಡು ಅಲ್ಲೇ ಮಲಗಿದೆವು. ಅವರ ಮಾತೆಲ್ಲ ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಮೊದಲ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ, ಗದ್ದೆಯ ಆಚೆ ಬೇಲಿ ಹಾಕಿದ ಕಾಟ ಕಂಡು ನನ್ನ ಕಾಯಿಲೆ ಎದ್ದಿತು. ದೇರಣ್ಣ ಸಮಾಧಾನದಿಂದಲೇ ಉತ್ತರ ಕೊಟ್ಟರು. ದೊಡ್ಡವರನ್ನು ಅಲ್ಲಿ ಸುಡುವುದು. ಹಿಂದೆ ಸಿಡುಬಿನಲ್ಲಿ ಹೋದವರನ್ನು ಸುಡದೆ ಗುಡ್ಡೆಯಲ್ಲಿ ಹೂಳುತ್ತಿದ್ದರು. ಹಲ್ಲು ಬಾರದ ಮಕ್ಕಳನ್ನೂ ಹೂಳುವುದೇ. ಹಲ್ಲೇ ಇಲ್ಲದ್ದು ಯಾರಿಗೆ ಎಂತ ಮಾಡಿದೆ, ಅದನ್ನು ಬೆಂಕಿಗೆ ಯಾಕೆ ಕೊಡುವುದು ಎಂದರು. ನಾನು ಅಲ್ಲಿಗೇ ನಿಲ್ಲಿಸದೆ, ಮಕ್ಕಳನ್ನು ಹೂಳುವ ಜಾಗ ಯಾವುದು, ನಕ್ಷೆಯಲ್ಲಿ ಹಾಕುತ್ತೇನೆ ಎಂದೆ.

ಅದಕ್ಕೆ ಜಾಗ ಎಂದು ಇರುವುದಿಲ್ಲ ಎಂದರು ದೇರಣ್ಣ, ಎಲೆಯಿಂದ ಮುಖ ಎತ್ತದೆ. ಮಗುವನ್ನು ಹಿತ್ತಿಲ ಬಾಗಿಲಿನಿಂದ ತೆಗೆದುಕೊಂಡು ಹೋಗುವವನು ಅದರ ಸೋದರಮಾವ. ನರಿ ತೋಡದಷ್ಟು ಆಳ, ಎದೆಮಟ್ಟದ ಗುಂಡಿ ಆಗಬೇಕು. ಮೇಲೆ ಮುಳ್ಳು ಹಾಕಿ, ಮಣ್ಣು ಎಳೆದು, ನೆಲ ಸಮ ಮಾಡಿ ಬರಬೇಕು. ಕಲ್ಲು ಇಡಬಾರದು, ಗಿಡ ನೆಡಬಾರದು. ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ ಒಳಗೆ ಬಂದ ಮೇಲೆ ಎಲ್ಲಿ ಎಂದು ಯಾರಿಗೂ ಹೇಳಬಾರದು. ಹೆತ್ತವಳಿಗಂತೂ ಹೇಳಲೇಬಾರದು. ಗೊತ್ತಾದರೆ ಅವಳು ಅಲ್ಲಿ ಹೋಗಿ ಕೂರುತ್ತಾಳೆ, ಮೊಲೆಯ ಹಾಲು ಬತ್ತುವುದಿಲ್ಲ, ಇನ್ನೊಂದು ಮಗುವನ್ನು ಹೊರಲು ಮನಸ್ಸು ಬರುವುದಿಲ್ಲ ಎಂದು ಹಿರಿಯರ ಕ್ರಮ.

ಸಾರಿನ ಸೌಟು ಹಿಡಿದು ನಿಂತಿದ್ದ ಸೇಸಕ್ಕ ಬಡಿಸುವುದನ್ನು ನಿಲ್ಲಿಸಿದ್ದರು.

“ನೀವು ಎಲ್ಲದಕ್ಕೂ ಕಾರಣ ಕೇಳ್ತೀರಲ್ಲ ಸಾರ್, ಇದಕ್ಕೂ ಒಂದು ಕಾರಣ ಕೇಳಿ ಹೇಳಿ” ಎಂದರು. “ನನ್ನ ಚೊಚ್ಚಲಿನ ಹಾಲು ಬತ್ತಿ ನಲವತ್ತು ವರ್ಷ ಆಯ್ತು. ಇನ್ನೂ ಯಾಕೆ ಹೇಳುದಿಲ್ಲ?”

ದೇರಣ್ಣ ಕೈ ತೊಳೆಯಲು ಎದ್ದುಹೋದರು. ಸೇಸಕ್ಕ ನನಗೆ ಅನ್ನ ಹಾಕುತ್ತಲೇ ಹೇಳಿದರು. ಅವರ ಚೊಚ್ಚಲು ಹೆಣ್ಣುಮಗು, ಈ ಮನೆಯಲ್ಲೇ ಹುಟ್ಟಿದ್ದು, ಹನ್ನೊಂದನೆಯ ದಿನ ತೀರಿಹೋಯಿತು. ಅಣ್ಣ ಎತ್ತಿಕೊಂಡು ಹೋದರು. ಒಳಗೆ ಮಲಗಿದ್ದ ಅವರಿಗೆ ಹಿತ್ತಿಲ ಬಾಗಿಲಿನ ಸದ್ದು ಕೇಳಿತು, ಅಷ್ಟೆ. ಆಮೇಲೆ ಇಬ್ಬರು ಗಂಡುಮಕ್ಕಳಾದರು, ಸಾಕಿದರು, ಮದುವೆ ಮಾಡಿಸಿದರು. ಗಂಡನ ಮನೆಯಲ್ಲಿ ಇದ್ದಷ್ಟು ದಿನ ಹೇಗೋ ಮರೆಯುತ್ತಿತ್ತು. ಈಗ ಇಲ್ಲಿ ಬಂದ ಮೇಲೆ ಸೊಪ್ಪಿಗೆ, ಸೌದೆಗೆ ಎಂದು ಗುಡ್ಡೆ ಹತ್ತಲು ಆಗುವುದಿಲ್ಲ, ಎಲ್ಲಿ ಕಾಲಿಡುವುದು ಎಂದು ಗೊತ್ತಾಗುವುದಿಲ್ಲ ಎಂದರು. ಅವರಿಗೆ ತೋಟದ ತುಂಡು ಬೇಡ, ಕೆರೆಯ ನೀರಿನ ಪಾಲೂ ಬೇಡ. ಮಗು ಇರುವ ತುಂಡು ಯಾವುದೋ ಅದು ತನ್ನ ಹೆಸರಿಗೆ ಆಗಬೇಕು, ಅದನ್ನು ಅಣ್ಣ ಹೇಳುವ ತನಕ ತಾನು ಹೆಬ್ಬೆಟ್ಟು ಒತ್ತುವುದಿಲ್ಲ ಎಂದರು.

ಅಷ್ಟು ವರ್ಷ ನಾನು ಕಾರಣಗಳನ್ನು ಕೇಳಿದ್ದು ಹೂಳುವವರ ಹತ್ತಿರ. ಯಾರದ್ದನ್ನು ಹೂಳಿದರೋ ಅವರ ಹತ್ತಿರ ಕೇಳಿದ್ದೇ ಇಲ್ಲ ಎಂದು ಆಗ ಗೊತ್ತಾಯಿತು, ನಾಚಿಕೆಯೂ ಆಯಿತು.

ಎರಡು ದಿನ ಚೈನು ಚೀಲದಲ್ಲೇ ಇತ್ತು. ಅಣ್ಣತಂಗಿ ಮಾತಾಡಲಿಲ್ಲ. ಹಸನಾಕ ಜಗಲಿಯಲ್ಲಿ ಕೂತು ಕಿವಿಯ ಪೆನ್ಸಿಲು ಚೂಪು ಮಾಡಿದರು. ಹೆತ್ತವಳಿಗೆ ಯಾಕೆ ಹೇಳುವುದಿಲ್ಲ ಎಂದು ನಾನು ಅವರಲ್ಲೂ ಕೇಳಿದೆ. ಹೇಳದಿದ್ದರೆ ಮರೆತುಹೋಗುತ್ತದೆ ಎಂದು ಗಂಡಸರು ಅಂದಾಜು ಮಾಡಿರಬೇಕು ಎಂದರು. ತಮ್ಮವರಲ್ಲಿ ಹೆಂಗಸರು ಮಣ್ಣು ಕೊಡಲು ಬರುವುದಿಲ್ಲ, ಆದರೆ ಇದು ನಿನ್ನ ಮಗುವಿನದು ಎಂದು ಒಂದು ಗಿಡವನ್ನಾದರೂ ತೋರಿಸುತ್ತಾರೆ ಎಂದು ಮೆಲ್ಲಗೆ ಸೇರಿಸಿದರು.

ಮೂರನೆಯ ದಿನ ಸಂಜೆ ದೇರಣ್ಣ ನನ್ನನ್ನು ದನದ ಹಟ್ಟಿಯ ಹಿಂದೆ ಕರೆದುಕೊಂಡು ಹೋದರು. ಹೇಳಬಾರದೆಂಬ ಕ್ರಮವನ್ನು ಮುರಿಯಲು ಹೆದರುತ್ತಿದ್ದಾರೆ ಎಂದು ನಾನು ಎಣಿಸಿದ್ದೆ. ಹಾಗಲ್ಲ. ಅವರಿಗೆ ಜಾಗ ಗೊತ್ತಿರಲಿಲ್ಲ. ಆಗ ಅವರಿಗೆ ಮೂವತ್ತು ಆಗಿರಲಿಲ್ಲ. ಒಂದು ವಾರದ ಹಿಂದೆ ಅದೇ ಮಗುವನ್ನು ಹಟ್ಟಿಗೆ ತಂದು ದನ ತೋರಿಸಿದ್ದರು. ಕಣ್ಣು ಕಾಣದ ಹಾಗೆ ಅಳುತ್ತ ಗುಂಡಿ ತೋಡಿದ್ದು, ಮುಚ್ಚಿದ್ದು, ಓಡಿ ಬಂದದ್ದು. ಆಮೇಲೆ ಎಷ್ಟೋ ವರ್ಷ ಆ ಕಡೆಗೇ ಹೋಗಲಿಲ್ಲ. ಅಷ್ಟರ ಮೇಲೆ ಅವರ ತಂದೆ ಗುಡ್ಡೆಯ ಪೊದೆ ಸವರಿ ಗೇರು ನೆಡಿಸಿದರು. ಒಮ್ಮೆ ಹುಡುಕಿದರು, ನೆಲವೆಲ್ಲ ಒಂದೇ ಥರ ಕಂಡಿತು. ತಂಗಿ ಕೇಳಿದಾಗಲೆಲ್ಲ ಹೇಳಬಾರದು, ಕ್ರಮ ಉಂಟು ಎಂದು ಜಾರಿಕೊಂಡರು.

“ಮರ್ತದ್ದಲ್ಲ ಸಾರ್” ಎಂದರು. “ನಾನು ಆವತ್ತು ಸರಿಯಾಗಿ ನೋಡಿದ್ದೇ ಇಲ್ಲ. ಅದನ್ನು ಅವಳಿಗೆ ಹೇಗೆ ಹೇಳುದು?”

ಅಷ್ಟು ದೊಡ್ಡ ಮನುಷ್ಯರು ಹೆಗಲ ಮೇಲಿನ ಬೈರಾಸು ಬಾಯಿಗೆ ಒತ್ತಿಕೊಂಡು ನಿಂತದ್ದನ್ನು ನೋಡಲಾಗದೆ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಯಾವುದಾದರೂ ಒಂದು ಜಾಗ ತೋರಿಸಿಬಿಡಿ ಎಂದೆ. ನಕ್ಷೆ ಬಿಡಿಸಿ, ಜಾಗವನ್ನೂ ನಾನೇ ಹುಡುಕಿಕೊಟ್ಟೆ. ಗುಡ್ಡೆಯ ಕೆಳಗಿನ ಅಂಚಿನಲ್ಲಿ, ಗೇರು ಮರಗಳ ನಡುವೆ, ಏನೂ ನೆಡದೆ ಬಿಟ್ಟ ಒಂದು ಸಣ್ಣ ಹುಲ್ಲಿನ ತುಂಡು ಇತ್ತು. ಮನೆಗೆ ಹತ್ತಿರ, ಮುದುಕಿಗೆ ಹತ್ತಲು ಸುಲಭ, ನನ್ನ ಗೆರೆಯೂ ನೇರ ಬರುತ್ತದೆ. ಮಗುವಿಗೆಂದೇ ಬಿಟ್ಟ ಹಾಗೆ ಕಾಣುತ್ತದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ದೇರಣ್ಣ ನಕ್ಷೆಯನ್ನು ನೋಡದೆಯೇ ಆಗಲಿ ಎಂದರು. ಎಲ್ಲ ಕಡೆ ಗೇರು ನೆಟ್ಟವರು ಅಲ್ಲಿ ಮಾತ್ರ ಯಾಕೆ ನೆಡಲಿಲ್ಲ? ಲೋಕದ ಗೋರಿಗಳಿಗೆಲ್ಲ ಯಾಕೆ ಕೇಳಿದ ನಾನು ಅದೊಂದನ್ನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾಲ್ವರೂ ಹೋದೆವು. ಸೇಸಕ್ಕ ಒಗೆದ ಸೀರೆ ಉಟ್ಟಿದ್ದರು. ದೇರಣ್ಣ ಕೋಲಿನಿಂದ ಹುಲ್ಲಿನ ನಡುವೆ ತೋರಿಸಿ ಬೇರೆ ಕಡೆಗೆ ಮುಖ ಮಾಡಿದರು. ಸೇಸಕ್ಕ ಅಲ್ಲಿ ಕೂತರು. ಅಳಲಿಲ್ಲ. ಹುಲ್ಲಿನ ಮೇಲೆ ಬಿದ್ದಿದ್ದ ಗೇರೆಲೆಗಳನ್ನು ಒಂದೊಂದಾಗಿ ಹೆಕ್ಕಿ ಬದಿಗೆ ಹಾಕಿದರು. ಆಮೇಲೆ ಅಂಗೈಯನ್ನು ನೆಲಕ್ಕೆ ಊರಿ, ತುಂಬ ಹೊತ್ತು ಹಾಗೆಯೇ ಇದ್ದರು. ನಾನು ಕಣ್ಣು ಒರೆಸಿಕೊಂಡೆ. ಸುಳ್ಳಾದರೆ ಏನಾಯಿತು, ಒಳ್ಳೆಯ ಕೆಲಸವೇ ಆಯಿತು ಎಂದು ಅನಿಸಿತು.

ಆ ತುಂಡು ಅವರ ಪಾಲಿಗೆ ಬರುವ ಹಾಗೆ ಗೆರೆ ಎಳೆದು, ಅವರು ಕೂತಲ್ಲಿಂದ ಎರಡು ಹೆಜ್ಜೆ ಆಚೆಗೆ ಗಡಿಕಲ್ಲಿನ ಗುಂಡಿಗೆ ಗುರುತು ಹಾಕಿದೆ. ಹಸನಾಕ ಪಿಕ್ಕಾಸು ಎತ್ತಿ ಹೊಡೆದರು. ಎರಡನೆಯ ಪೆಟ್ಟಿಗೆ ಟಣ್ ಎಂದಿತು. ಮಣ್ಣು ಸರಿಸಿದರೆ ಒಂದು ಗೇಣಿನ ಕೆಳಗೆ ಕರಿಬಂಡೆ. ಹಸನಾಕ ಸ್ವಲ್ಪ ಈಚೆಗೆ ಹೊಡೆದರು, ಅಲ್ಲಿಯೂ ಅದೇ. ಇನ್ನೂ ಈಚೆಗೆ, ಸೇಸಕ್ಕನ ಕೈಯ ಹತ್ತಿರ, ಅಲ್ಲಿಯೂ ಅದೇ. ಆ ಹುಲ್ಲಿನ ತುಂಡಿನ ಕೆಳಗೆ ಇಡೀ ಬಂಡೆ ಹಾಸಿತ್ತು. ಗೇರು ನೆಡದೆ ಬಿಟ್ಟದ್ದು ಅದಕ್ಕೇ. ಅಲ್ಲಿ ಎದೆಮಟ್ಟದ ಗುಂಡಿಯನ್ನು ಯಾರೂ ಯಾವ ಕಾಲಕ್ಕೂ ತೋಡಿರಲು ಸಾಧ್ಯವಿರಲಿಲ್ಲ.

ಹಸನಾಕ ಪಿಕ್ಕಾಸು ಕೆಳಗಿಟ್ಟರು. ದೇರಣ್ಣನ ಮುಖ ಬೂದಿಯಾಗಿತ್ತು. ನರಿ ಊಳಿಡುವ ಊರಿನಲ್ಲಿ ಹುಟ್ಟಿ ಬೆಳೆದ ಸೇಸಕ್ಕನಿಗೆ ಬಂಡೆಯ ಸದ್ದು ಏನು ಹೇಳಿತೆಂದು ನಾವು ಮೂವರಿಗೂ ಗೊತ್ತಿತ್ತು. ಅವರು ತಲೆಯೆತ್ತಿ ಅಣ್ಣನ ಮುಖವನ್ನು ನೋಡಿದರು. ನಲವತ್ತು ವರ್ಷದಲ್ಲಿ ಆ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು ಇರಬೇಕು. ಆಮೇಲೆ, ಹಸನಾಕ ತೋಡಿದ ಮಣ್ಣನ್ನು ಎರಡು ಕೈಯಿಂದ ಎಳೆದು ಬಂಡೆಯ ಮೇಲೆ ಮುಚ್ಚಿದರು.

“ಇನ್ನು ತೋಡುದು ಬೇಡ” ಎಂದರು. “ಹನ್ನೊಂದು ದಿನದ ಮಗು. ಅದಕ್ಕೆ ಎಷ್ಟು ಆಳ ಬೇಕು?”

ಮಣ್ಣನ್ನು ಅಂಗೈಯಿಂದ ತಟ್ಟಿ ಸಮ ಮಾಡಿ ಎದ್ದರು. ಅಣ್ಣನ ಕೈಯಿಂದ ಕೋಲು ತೆಗೆದುಕೊಂಡು, ಬಿಸಿಲು ಏರಿತು, ಗಂಜಿ ಆರುತ್ತದೆ, ಬಾ ಎಂದರು. ಸೇಸಕ್ಕ ಅವರ ಮೊಣಕೈ ಹಿಡಿದು, ಗೇರು ಮರದ ಬೇರುಗಳನ್ನು ದಾಟಿಸುತ್ತ, ಮೆಲ್ಲಗೆ ಕೆಳಗೆ ಕರೆದುಕೊಂಡು ಹೋದರು.